ನಾಲ್ಕು ಖಾನೆಯ ನ್ಯಾಸ್ ಪೆಟ್ಟಿಗೆಗೆ ಯಾವ ಡಿಸ್ಕ್, ಯಾವ ರೇಡ್?

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಮನೆಯಿಂದಲೇ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಪುಟವಿನ್ಯಾಸ, ಲಗ್ನಪತ್ರಿಕೆ, ಪುಸ್ತಕದ ಮುಖಪುಟ ಮಾಡಿಕೊಡುತ್ತೇನೆ. ನನ್ನ ಪತ್ನಿ ಅದೇ ಕೋಣೆಯಲ್ಲಿ ಕೆಲವು ಅಂಗಡಿಗಳ ಟ್ಯಾಲಿ ಲೆಕ್ಕ ಮತ್ತು ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಾರೆ. ಇಬ್ಬರದೂ ಸೇರಿ ಸುಮಾರು 3 ಟಿಬಿ ಮಾಹಿತಿ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಹರಡಿಕೊಂಡಿದೆ. ವರ್ಷಕ್ಕೆ ಅರ್ಧ ಟಿಬಿ ಬೆಳೆಯುತ್ತದೆ. ಈಗ ನಾಲ್ಕು ಖಾನೆಯ ನ್ಯಾಸ್ ಪೆಟ್ಟಿಗೆಯೊಂದನ್ನು (ಮನೆಯ ನೆಟ್‌ವರ್ಕಿನಲ್ಲಿ ಎಲ್ಲ ಕಂಪ್ಯೂಟರುಗಳೂ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ) ಕೊಂಡಿದ್ದೇವೆ, ಡಿಸ್ಕ್ ಇನ್ನೂ ಕೊಂಡಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 (ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಮಾಡುವ ಜೋಡಣೆ) ಮಾಡಿದರೆ ಬೇರೆ ಬ್ಯಾಕಪ್ ಬೇಕಾಗುವುದಿಲ್ಲ ಎಂದರು. ಡೆಸ್ಕ್‌ಟಾಪ್ ಡಿಸ್ಕ್ ಕಡಿಮೆ ಬೆಲೆಗೆ ಸಿಗುತ್ತದೆ, ಅದೇ ಸಾಕು ಎಂದೂ ಹೇಳಿದರು. ಮನೆಯಲ್ಲಿ ಇನ್ವರ್ಟರ್ ಇದೆ. ಈ ಸಲಹೆಯನ್ನು ಒಪ್ಪಬಹುದೇ? ರೇಡ್ 6 ಇನ್ನೂ ಸುರಕ್ಷಿತವೇ?

ಉತ್ತರ:

ನಿಮಗೆ ದೊರೆತ ಸಲಹೆಯಲ್ಲಿ ರೇಡ್ 5 ಎಂಬ ಭಾಗ ಚರ್ಚೆಗೆ ಅರ್ಹವಾದದ್ದು, ಬ್ಯಾಕಪ್ ಬೇಡ ಎಂಬ ಭಾಗ ಪೂರ್ತಿ ತಪ್ಪು. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಲ್ಕು ಡಿಸ್ಕ್‌ಗೆ ಕೊಡುವ ಹಣವನ್ನು ಬೇರೆ ರೀತಿಯಲ್ಲಿ ಹಂಚುತ್ತಿದ್ದೆ: 6 ಟಿಬಿಯ ಎರಡು ನ್ಯಾಸ್ ಡಿಸ್ಕ್ ಕೊಂಡು ಅವುಗಳನ್ನು ರೇಡ್ 1, ಅಂದರೆ ಒಂದರ ಪಡಿಯಚ್ಚು ಇನ್ನೊಂದಾಗಿರುವ ಮಿರರ್ ಆಗಿ ಜೋಡಿಸಿ, ಉಳಿದ ಎರಡು ಖಾನೆಗಳನ್ನು ಖಾಲಿ ಬಿಟ್ಟು, ಉಳಿದ ಹಣದಲ್ಲಿ ಬ್ಯಾಕಪ್‌ಗೆಂದೇ 5 ಟಿಬಿಯ ಎರಡು ಪೋರ್ಟಬಲ್ ಡಿಸ್ಕ್‌ಗಳನ್ನೂ ಯುಎಸ್‌ಬಿ ಸಂಪರ್ಕವಿರುವ ಒಂದು ಸಣ್ಣ ಯುಪಿಎಸ್‌ಅನ್ನೂ ಕೊಳ್ಳುತ್ತಿದ್ದೆ. ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಪರಿಸ್ಥಿತಿ ನಾನು ಊಹಿಸಿದ್ದಕ್ಕಿಂತ ಬೇರೆಯಾಗಿದ್ದರೆ ಎಲ್ಲಿ ಬದಲಾಯಿಸಿಕೊಳ್ಳಬೇಕು ಎಂಬುದು ಆಗ ನಿಮಗೇ ತಿಳಿಯುತ್ತದೆ.

ಮೊದಲು ಜಾಗದ ಲೆಕ್ಕ. 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ರೇಡ್ 5ರಲ್ಲಿ ಹಾಕಿದರೆ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಸತ್ತ ಡಿಸ್ಕಿನ ಮಾಹಿತಿಯನ್ನು ಮತ್ತೆ ಲೆಕ್ಕಹಾಕಿ ಪಡೆಯಲು ಬೇಕಾದ ದತ್ತಾಂಶಕ್ಕೆ, ಹೋಗಿ 12 ಟಿಬಿ ಉಳಿಯುತ್ತದೆ. ನಿಮ್ಮ 3 ಟಿಬಿ, ವರ್ಷಕ್ಕೆ ಅರ್ಧ ಟಿಬಿಯಂತೆ ಬೆಳೆದು ಆ 12 ಟಿಬಿಯನ್ನು ತುಂಬಲು 18 ವರ್ಷ ಬೇಕು. ನ್ಯಾಸ್ ಡಿಸ್ಕ್‌ಗಳಿಗೆ ತಯಾರಕರು ಕೊಡುವ ವಾರಂಟಿ ಸಾಮಾನ್ಯವಾಗಿ 3 ವರ್ಷ, ದುಬಾರಿ ಶ್ರೇಣಿಗೆ 5 ವರ್ಷ. ಅಂದರೆ ಅಂಗಡಿಯವರು ಹೇಳಿದ ಜೋಡಣೆಯಲ್ಲಿ ನೀವು ಎಂದೂ ಬಳಸದ ಜಾಗಕ್ಕೆ ಇಂದೇ ಹಣ ಕೊಟ್ಟು, ಆ ಖಾಲಿ ಜಾಗವನ್ನು ಹಗಲೂ ರಾತ್ರಿ ತಿರುಗಿಸುತ್ತಾ ಸವೆಸುತ್ತೀರಿ. 6 ಟಿಬಿಯ ಮಿರರ್‌ನಲ್ಲಿ ನಿಮಗೆ ದೊರೆಯುವುದು 6 ಟಿಬಿ. ವಿಂಡೋಸ್ ಅದನ್ನು 5.45 ಎಂದು ತೋರಿಸಿದರೆ ಗಾಬರಿಯಾಗಬೇಡಿ, ಅದು 1024ರ ಲೆಕ್ಕ. ಶೇಕಡಾ 80ರಷ್ಟು ತುಂಬುವವರೆಗೆ ಮೂರೂವರೆ ವರ್ಷ ಹಾಯಾಗಿ ಸಾಗುತ್ತದೆ. ಆ ಹೊತ್ತಿಗೆ ಅದೇ ಬೆಲೆಗೆ ಇನ್ನೂ ದೊಡ್ಡ ಡಿಸ್ಕ್ ಸಿಕ್ಕರೆ ಖಾಲಿ ಖಾನೆಗಳಲ್ಲಿ ಎರಡನೆಯ ಮಿರರ್ ಜೋಡಿಯನ್ನು ಕಟ್ಟಿಕೊಳ್ಳಬಹುದು.

ಇನ್ನು ರೇಡ್ 5ರ ಬಗ್ಗೆ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು ರೇಡ್ 1ರಿಂದ 5ರವರೆಗಿನ ವಿಧಗಳನ್ನು ವಿವರಿಸಿದ ಪ್ರಬಂಧದಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಸಣ್ಣ ಡಿಸ್ಕಿನ ಗಾತ್ರ 100 ಎಂಬಿ. ಅಂಥ ಡಿಸ್ಕ್ ಹಾಳಾದರೆ ಹೊಸದನ್ನು ತುಂಬಲು ಕೆಲವೇ ನಿಮಿಷ ಸಾಕಿತ್ತು. ಇಂದಿನ 4 ಟಿಬಿ ಡಿಸ್ಕ್ ಅದರ 40,000 ಪಟ್ಟು ದೊಡ್ಡದು, ಆದರೆ ಓದಿ ಬರೆಯುವ ವೇಗ ಅದರ ಹತ್ತಿರದ ಪ್ರಮಾಣದಲ್ಲಿಯೂ ಬೆಳೆದಿಲ್ಲ. ಸೆಕೆಂಡಿಗೆ ಸರಾಸರಿ 150 ಎಂಬಿ ಎಂದು ಹಿಡಿದರೂ ಒಂದು 4 ಟಿಬಿ ಡಿಸ್ಕನ್ನು ಈ ತುದಿಯಿಂದ ಆ ತುದಿಯವರೆಗೆ ತುಂಬಲು ಏಳೂವರೆ ಗಂಟೆ ಬೇಕು. ಅದೂ ಆ ಅವಧಿಯಲ್ಲಿ ನೀವಿಬ್ಬರೂ ಕೆಲಸ ನಿಲ್ಲಿಸಿ ಕುಳಿತರೆ. ಕೆಲಸ ನಡೆಸುತ್ತಲೇ ಮರುನಿರ್ಮಾಣ ಮಾಡಿದರೆ ಒಂದು ದಿನಕ್ಕೂ ಮಿಕ್ಕಿ ಹೋಗುವುದು ಅಪರೂಪವಲ್ಲ. ಸಾಮಾನ್ಯ ರೇಡ್ 5ರಲ್ಲಿ ಈ ಇಡೀ ಅವಧಿಯಲ್ಲಿ ಉಳಿದ ಮೂರೂ ಡಿಸ್ಕ್‌ಗಳು ತಮ್ಮ ಪ್ರತಿಯೊಂದು ಭಾಗವನ್ನೂ ತಪ್ಪಿಲ್ಲದೆ ಓದಿ ಕೊಡಬೇಕು, ಏಕೆಂದರೆ ಸತ್ತ ಡಿಸ್ಕಿನಲ್ಲಿ ಏನಿತ್ತು ಎಂಬುದು ಮೂರನ್ನೂ ಕೂಡಿಸಿದಾಗ ಮಾತ್ರ ತಿಳಿಯುತ್ತದೆ.

ಇಲ್ಲಿ ಒಂದು ಸಂಖ್ಯೆ ಮೇಲಿಂದ ಮೇಲೆ ಎದುರಾಗುತ್ತದೆ. ಡೆಸ್ಕ್‌ಟಾಪ್ ಡಿಸ್ಕ್‌ಗಳ ತಾಂತ್ರಿಕ ವಿವರಪಟ್ಟಿಯಲ್ಲಿ, ಕೋಟಿ ಕೋಟಿ ಬಿಟ್ ಓದಿದಾಗ ಸರಿಪಡಿಸಲಾಗದ ಓದುದೋಷ ಒಂದಕ್ಕಿಂತ ಹೆಚ್ಚಿರುವುದಿಲ್ಲ ಎಂಬ ಅರ್ಥದ ಸಾಲಿರುತ್ತದೆ. ಕೋಟಿ ಕೋಟಿ ಬಿಟ್ ಎಂದರೆ 12.5 ಟಿಬಿ. ನಿಮ್ಮ ರೇಡ್ 5ರ ಮರುನಿರ್ಮಾಣದಲ್ಲಿ ಓದಬೇಕಾದದ್ದು ಮೂರು ಡಿಸ್ಕ್‌ಗಳ 12 ಟಿಬಿ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ರೇಡ್ 5ರ ಮರುನಿರ್ಮಾಣ ಬಹುತೇಕ ಸೋಲುತ್ತದೆ ಎಂದು ಸಾರುವವರಿದ್ದಾರೆ. ಅದು ಉತ್ಪ್ರೇಕ್ಷೆ. ವಿವರಪಟ್ಟಿಯಲ್ಲಿರುವುದು ತಯಾರಕರು ಒಪ್ಪಿಕೊಳ್ಳುವ ಗರಿಷ್ಠ ಮಿತಿ. ಆರೋಗ್ಯವಾಗಿರುವ ಡಿಸ್ಕ್‌ಗಳು ಅದಕ್ಕಿಂತ ಬಹಳ ಉತ್ತಮವಾಗಿ ನಡೆದುಕೊಳ್ಳುತ್ತವೆ, ದೊಡ್ಡ ಗಾತ್ರದ ಹಲವು ನ್ಯಾಸ್ ಡಿಸ್ಕ್‌ಗಳಿಗೆ ಈ ಮಿತಿಯೇ ಹತ್ತು ಪಟ್ಟು ಉತ್ತಮವಾಗಿದೆ. ನಿಜವಾದ ಅಪಾಯ ಬೇರೆ ಕಡೆಗಿದೆ. ತಿಂಗಳಾನುಗಟ್ಟಲೆ ಯಾರೂ ತೆರೆಯದ ಹಳೆಯ ಕಡತದ ಕೆಳಗೆ ಡಿಸ್ಕಿನ ಒಂದು ಭಾಗ ಸದ್ದಿಲ್ಲದೆ ಕೆಟ್ಟಿರುತ್ತದೆ. ಇನ್ನೊಂದು ಡಿಸ್ಕ್ ಸಾಯುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಆಗ ಕೆಲವು ಪೆಟ್ಟಿಗೆಗಳು ಆ ಭಾಗವನ್ನಷ್ಟೇ ಕಳೆದುಕೊಂಡು ಮುಂದೆ ಸಾಗುತ್ತವೆ, ಕೆಲವು ಇಡೀ ಜೋಡಣೆಯನ್ನೇ ನಿಲ್ಲಿಸಿಬಿಡುತ್ತವೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬ್ಯಾಚಿನ ನಾಲ್ಕು ಡಿಸ್ಕ್ ಕೊಂಡವರಿಗೆ ಈ ಭಯ ಸ್ವಲ್ಪ ಹೆಚ್ಚು, ಏಕೆಂದರೆ ಒಟ್ಟಿಗೆ ಹುಟ್ಟಿ ಒಂದೇ ಶಾಖದಲ್ಲಿ ಒಂದೇ ರೀತಿ ದುಡಿದವು ಒಂದೇ ಕಾಲದಲ್ಲಿ ದಣಿಯುವ ಸಾಧ್ಯತೆ ಇರುತ್ತದೆ.

ಮಿರರ್‌ನಲ್ಲಿಯೂ ಈ ಅಪಾಯ ಇಲ್ಲವೆಂದಲ್ಲ. 6 ಟಿಬಿಯ ಒಂದು ಡಿಸ್ಕ್ ಸತ್ತರೆ ಇನ್ನೊಂದರ 6 ಟಿಬಿಯನ್ನು ಪೂರ್ತಿ ಓದಬೇಕು, ಅದಕ್ಕೆ ಹತ್ತು ಹನ್ನೊಂದು ಗಂಟೆ ಹಿಡಿಯುತ್ತದೆ. ಆದರೆ ಓದಬೇಕಾದ ಪ್ರಮಾಣ ಅರ್ಧ, ಅವಲಂಬಿಸಬೇಕಾದ ಡಿಸ್ಕ್ ಮೂರಲ್ಲ, ಒಂದು. ಅದಕ್ಕಿಂತ ದೊಡ್ಡ ಲಾಭ ಸರಳತೆಯದು. ಮಿರರ್‌ನ ಪ್ರತಿ ಡಿಸ್ಕಿನಲ್ಲಿಯೂ ಇಡೀ ಮಾಹಿತಿ ಇರುತ್ತದೆ. ಪೆಟ್ಟಿಗೆಯೇ ಸುಟ್ಟುಹೋದರೂ, ಲಿನಕ್ಸ್ ಆಧಾರಿತ ಹೆಚ್ಚಿನ ನ್ಯಾಸ್‌ಗಳ ಡಿಸ್ಕೊಂದನ್ನು ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ ತಿಳಿದವರು ಕಡತಗಳನ್ನು ಹೊರತೆಗೆಯಬಲ್ಲರು. ರೇಡ್ 5ರಲ್ಲಿ ಅದೇ ಕೆಲಸಕ್ಕೆ ಕನಿಷ್ಠ ಮೂರು ಡಿಸ್ಕ್‌ಗಳನ್ನು ಒಟ್ಟಿಗೆ ಜೋಡಿಸಿ ಕೂರಬೇಕು. ಗದಗಿನಲ್ಲಿ ಆ ಕೆಲಸಕ್ಕೆ ಯಾರನ್ನು ಹುಡುಕುತ್ತೀರಿ ಎಂಬ ಪ್ರಶ್ನೆಯನ್ನು ಡಿಸ್ಕ್ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ರೇಡ್ 6 ಬಗ್ಗೆ ಕೇಳಿದ್ದೀರಿ. ಅದರಲ್ಲಿ ಯಾವುದೇ ಎರಡು ಡಿಸ್ಕ್ ಹೋದರೂ ಮಾಹಿತಿ ಉಳಿಯುತ್ತದೆ. ಎರಡು ಮಿರರ್ ಜೋಡಿಗಳನ್ನು ಕೂಡಿಸಿದ, ನಾಲ್ಕು ಡಿಸ್ಕಿನ ರೇಡ್ 10 ಕೂಡ ಅಷ್ಟೇ ಜಾಗ, ಅಂದರೆ ಒಟ್ಟಿನ ಅರ್ಧವನ್ನು, ಕೊಡುತ್ತದೆಯಾದರೂ ಒಂದು ಡಿಸ್ಕ್ ಹೋದ ಮೇಲೆ ಅದರ ಜೋಡಿಯೇ ಹೋದರೆ ಎಲ್ಲವೂ ಹೋಗುತ್ತದೆ. ಹಾಗಾಗಿ ನಾಲ್ಕೂ ಖಾನೆ ತುಂಬಲೇಬೇಕು ಎನ್ನುವವರಿಗೆ ನಾನು ರೇಡ್ 6ನ್ನೇ ಸೂಚಿಸುತ್ತೇನೆ. ಬರೆಯುವ ವೇಗ ಕಡಿಮೆ ಎಂಬ ಆಕ್ಷೇಪ ನಿಮಗೆ ತಟ್ಟುವುದಿಲ್ಲ. ಗಿಗಾಬಿಟ್ ಕೇಬಲ್ಲಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿಯಷ್ಟು ಹರಿಯುವುದರಿಂದ ಡಿಸ್ಕ್‌ಗಳ ವೇಗಕ್ಕಿಂತ ಮೊದಲು ಕೇಬಲ್ಲೇ ಮಿತಿಯಾಗುತ್ತದೆ. ಆದರೂ ನಿಮ್ಮ 3 ಟಿಬಿಗೆ ಮೂರನೆಯ, ನಾಲ್ಕನೆಯ ಡಿಸ್ಕಿಗೆ ಹಾಕುವ ಹಣವನ್ನು ಪೆಟ್ಟಿಗೆಯ ಒಳಗಿಡುವುದಕ್ಕಿಂತ ಹೊರಗಿಡುವುದು ಮೇಲು ಎಂಬುದೇ ನನ್ನ ಅಭಿಪ್ರಾಯ.

ಹಾಗೆನ್ನಲು ಕಾರಣವಿದೆ. ರೇಡ್ ಯಾವುದೇ ಇರಲಿ, ಅದರ ಕೆಲಸ ಒಂದು ಡಿಸ್ಕ್ ಹೋದ ದಿನವೂ ನಿಮ್ಮ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಪ್ಲೇಟಿನಲ್ಲಿಯೇ ಅಕ್ಷರದೋಷವಿದ್ದರೆ ಎರಡು ಮಷೀನುಗಳಲ್ಲಿ ಒಟ್ಟಿಗೆ ಅಚ್ಚು ಹಾಕಿದರೂ ಎರಡು ಕಡೆಯೂ ಅದೇ ದೋಷ ಬೀಳುತ್ತದೆ ಎಂಬುದು ಪ್ರೆಸ್ ಬಲ್ಲ ನಿಮಗೆ ಹೇಳಬೇಕಾಗಿಲ್ಲ. ಮಿರರ್ ಕೂಡ ಹಾಗೆಯೇ. ನೀವು ಕೈತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣ ಅಳಿಯುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಹೊಕ್ಕ ರ‍್ಯಾನ್ಸಮ್‌ವೇರ್ ನ್ಯಾಸ್‌ನ ಕಡತಗಳಿಗೂ ಬೀಗ ಹಾಕಿದರೆ, ಬೀಗ ಬಿದ್ದ ಪ್ರತಿಯೇ ಎರಡು ಡಿಸ್ಕಿನಲ್ಲಿಯೂ ಇರುತ್ತದೆ. ನ್ಯಾಸ್ ಪೆಟ್ಟಿಗೆಗಳನ್ನೇ ನೇರವಾಗಿ ಗುರಿಯಾಗಿಸಿದ ದಾಳಿಗಳೂ ನಡೆದಿವೆ: 2014ರಲ್ಲಿ ಸಿನಾಲಜಿ ಪೆಟ್ಟಿಗೆಗಳ ಮೇಲೆ ಸಿನೋಲಾಕರ್, 2021ರಲ್ಲಿ ಕ್ಯೂನ್ಯಾಪ್ ಪೆಟ್ಟಿಗೆಗಳ ಮೇಲೆ ಕ್ಯೂಲಾಕರ್, 2022ರ ಜನವರಿಯಲ್ಲಿ ಅವುಗಳ ಮೇಲೆಯೇ ಡೆಡ್‌ಬೋಲ್ಟ್. ಇಂಥ ದಾಳಿಗೆ ಸುಲಭವಾಗಿ ಸಿಗುವವು ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟ ಪೆಟ್ಟಿಗೆಗಳು. ಪ್ರೆಸ್‌ನವರಿಗೆ ಫೈಲ್ ಕಳಿಸಲು ಅನುಕೂಲವೆಂದು ರೌಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನಿಂದ ನೇರ ದಾರಿ ತೆರೆದಿಡಲೇಬೇಡಿ, ಅಂಥ ದಾರಿಯನ್ನು ತಾನಾಗಿ ತೆರೆಯುವ ಯುಪಿಎನ್‌ಪಿ ಸೌಲಭ್ಯವನ್ನೂ ಬಂದ್ ಮಾಡಿ. ಹೊರಗಿನಿಂದ ತೆರೆಯಬೇಕಾದರೆ ಗುಪ್ತ ಸುರಂಗದಂತಿರುವ ವಿಪಿಎನ್ ಸಂಪರ್ಕದ ಮೂಲಕವೇ ತೆರೆಯಿರಿ.

ಕಡತಗಳ ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಸೌಲಭ್ಯ ಇದಕ್ಕೆ ಅರ್ಧ ಉತ್ತರ. ನಿಮ್ಮ ಪೆಟ್ಟಿಗೆ ಬಿಟಿಆರ್‌ಎಫ್‌ಎಸ್ ಅಥವಾ ಜೆಡ್‌ಎಫ್‌ಎಸ್ ಕಡತವ್ಯವಸ್ಥೆಯನ್ನು ಬೆಂಬಲಿಸಿದರೆ ಇಎಕ್ಸ್‌ಟಿ4ಕ್ಕೆ ಬದಲು ಅದನ್ನೇ ಆರಿಸಿ, ದಿನಕ್ಕೊಂದು ಸ್ನ್ಯಾಪ್‌ಶಾಟ್‌ನಂತೆ ಒಂದು ತಿಂಗಳಷ್ಟು ಉಳಿಸಿಕೊಳ್ಳಿ. ಮಂಗಳವಾರ ಕೆಡಿಸಿದ ಮುಖಪುಟವನ್ನು ಸೋಮವಾರದ ಸ್ಥಿತಿಗೆ ಒಯ್ಯುವುದು ಆಗ ಕೆಲವೇ ನಿಮಿಷಗಳ ಕೆಲಸ. ಇವುಗಳಲ್ಲಿ ಇನ್ನೊಂದು ಗುಣವಿದೆ: ಪ್ರತಿ ತುಣುಕಿಗೂ ಚೆಕ್‌ಸಮ್, ಅಂದರೆ ತಾಳೆ ನೋಡಲು ಅದರಿಂದಲೇ ಲೆಕ್ಕಹಾಕಿದ ಸಂಖ್ಯೆ, ಬರೆದಿಡುವುದರಿಂದ, ಮಿರರ್‌ನ ಎರಡು ಪ್ರತಿಗಳು ಹೊಂದದಿದ್ದಾಗ ಯಾವುದು ಸರಿ, ಯಾವುದು ಕೆಟ್ಟದ್ದು ಎಂದು ಗುರುತಿಸಬಲ್ಲವು. ಬರಿಯ ಮಿರರ್‌ಗೆ ಆ ವಿವೇಕವಿಲ್ಲ. ವ್ಯತ್ಯಾಸವಿದೆ ಎಂದಷ್ಟೇ ಅದಕ್ಕೆ ಗೊತ್ತಾಗುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಹಂಚಿದ ಪ್ರತಿ ಫೋಲ್ಡರಿಗೂ ಈ ಚೆಕ್‌ಸಮ್ ಆಯ್ಕೆಯನ್ನು ಬೇರೆಯಾಗಿ ಗುರುತು ಹಾಕಿ ಚಾಲೂ ಮಾಡಬೇಕಾಗುತ್ತದೆ, ಫೋಲ್ಡರ್ ರಚಿಸುವಾಗಲೇ ಗಮನಿಸಿ.

ಪೂರ್ಣ ಉತ್ತರ ಹೊರಗಿನ ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು. ನಿಮ್ಮಂತೆಯೇ ದೊಡ್ಡ ಚಿತ್ರಕಡತಗಳೊಂದಿಗೆ ಬದುಕುವವರ ಅನುಭವದಿಂದ ಬಂದ ಮಾತು. ನಿಮಗೆ ಅದು ಹೀಗೆ ಹೊಂದುತ್ತದೆ. 5 ಟಿಬಿಯ ಎರಡು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಒಂದು ಮನೆಯಲ್ಲಿರಲಿ, ಅದನ್ನು ಪ್ರತಿ ಶನಿವಾರ ನ್ಯಾಸ್‌ಗೆ ಜೋಡಿಸಿ, ಬ್ಯಾಕಪ್ ಮುಗಿದ ಮೇಲೆ ಕಳಚಿ ಬೀರುವಿನಲ್ಲಿಡಿ. ಸದಾ ಜೋಡಿಸಿಟ್ಟ ಬ್ಯಾಕಪ್ ಡಿಸ್ಕಿಗೆ ಸಿಡಿಲೂ ರ‍್ಯಾನ್ಸಮ್‌ವೇರೂ ಅದೇ ದಾರಿಯಲ್ಲಿ ಬರುತ್ತವೆ. ಇನ್ನೊಂದು ಡಿಸ್ಕ್ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇರುವ ಬೀಗರ ಮನೆಯಲ್ಲಿರಲಿ. ತಿಂಗಳಿಗೊಮ್ಮೆ ಹೋಗಿ ಬರುವಾಗ ಎರಡನ್ನೂ ಅದಲುಬದಲು ಮಾಡಿ. ಬ್ಯಾಕಪ್ ಮಾಡುವಾಗ ಹಿಂದಿನ ಆವೃತ್ತಿಗಳನ್ನೂ ಉಳಿಸುವ ವಿಧಾನವನ್ನೇ ಆರಿಸಿ, ಇಲ್ಲವಾದರೆ ಹಾಳಾದ ಕಡತವು ಮುಂದಿನ ಶನಿವಾರ ಒಳ್ಳೆಯ ಪ್ರತಿಯ ಮೇಲೆಯೇ ಕೂರುತ್ತದೆ.

ಇಡೀ 3 ಟಿಬಿಯನ್ನು ಕ್ಲೌಡಿಗೆ ಏರಿಸುವ ಯೋಚನೆ ಇದ್ದರೆ ಮೊದಲು ವೇಗದ ಲೆಕ್ಕ ಹಾಕಿ: 40 ಎಂಬಿಪಿಎಸ್ ಅಪ್‌ಲೋಡ್ ಎಡೆಬಿಡದೆ ಸಿಕ್ಕರೂ ಸುಮಾರು 7 ದಿನ ಬೇಕು. ಅದರ ಬದಲು ನಿಮ್ಮ ಪತ್ನಿಯವರ ಟ್ಯಾಲಿ ಬ್ಯಾಕಪ್ ಕಡತಗಳನ್ನೂ, ಮುದ್ರಣಕ್ಕೆ ಹೋದ ಅಂತಿಮ ಪಿಡಿಎಫ್‌ಗಳನ್ನೂ ಮಾತ್ರ ಪ್ರತಿ ರಾತ್ರಿ ಕ್ಲೌಡಿಗೆ ಕಳಿಸಿದರೆ ಸಾಕು. ಟ್ಯಾಲಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಕಂಪನಿ ತೆರೆದು ನಮೂದು ನಡೆದಿರುವಾಗಲೇ ಅದರ ಡೇಟಾ ಫೋಲ್ಡರನ್ನು ನಕಲು ಮಾಡಿದರೆ ಆ ಪ್ರತಿ ಅರೆಬರೆಯಾಗಬಹುದು. ದಿನದ ಕೆಲಸ ಮುಗಿದ ಮೇಲೆ ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ ಪ್ರತಿ ತೆಗೆದು, ಆ ಪ್ರತಿಯನ್ನು ನ್ಯಾಸ್‌ನಲ್ಲಿ ಬೇರೆ ಫೋಲ್ಡರಿನಲ್ಲಿಡಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕು. ನೀವು ಇಂದು ಕೊಳ್ಳುವ ಡಿಸ್ಕಿನ ವಾರಂಟಿಗಿಂತ ಅದು ದೀರ್ಘ. ಆದ್ದರಿಂದ ವರ್ಷಾಂತ್ಯದ ಟ್ಯಾಲಿ ಪ್ರತಿಗಳನ್ನು ತಿರುಗಿ ಅಳಿಸಿಹೋಗುವ ಸ್ನ್ಯಾಪ್‌ಶಾಟ್‌ಗಳಿಗೆ ಒಪ್ಪಿಸದೆ ಪ್ರತ್ಯೇಕವಾಗಿ ಎತ್ತಿಡಬೇಕು.

ನಿಮ್ಮ ಕಡತಗಳ ಬಗ್ಗೆಯೂ ಒಂದು ಮಾತು, ಇದು ಡಿಸ್ಕಿಗೆ ಸಂಬಂಧಿಸಿದ್ದಲ್ಲವೆನಿಸಿದರೂ. ಗದಗಿನ ಪ್ರೆಸ್‌ಗಳಿಗೆ ಹಲವು ವರ್ಷಗಳಿಂದ ಕೆಲಸ ಮಾಡಿದವರ ಬಳಿ ಪೇಜ್‌ಮೇಕರ್ ಕಾಲದ, ಯೂನಿಕೋಡ್ ಅಲ್ಲದ ಕನ್ನಡ ಫಾಂಟುಗಳ ಕಡತಗಳು ಇದ್ದೇ ಇರುತ್ತವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಕಡತ ಉಳಿದು ಫಾಂಟ್ ಕಳೆದುಹೋದರೆ ಪುಟ ತೆರೆದಾಗ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಹೀಗಾಗಿ ಫಾಂಟುಗಳು, ತಂತ್ರಾಂಶದ ಇನ್‌ಸ್ಟಾಲರ್‌ಗಳು, ಅವುಗಳ ಕೀಲಿಸಂಖ್ಯೆಗಳು ಇವೆಲ್ಲವೂ ಬ್ಯಾಕಪ್ ಪಟ್ಟಿಯಲ್ಲಿರಲಿ, ಹಳೆಯ ಮುಖ್ಯ ಕೆಲಸಗಳ ಪಿಡಿಎಫ್ ಪ್ರತಿಯೂ ಜೊತೆಗಿರಲಿ.

ಈಗ ಡಿಸ್ಕಿನ ಆಯ್ಕೆ. ಡೆಸ್ಕ್‌ಟಾಪ್ ಡಿಸ್ಕ್ ಸಾಕು ಎಂಬ ಮಾತನ್ನು ಎರಡು ಕಾರಣಕ್ಕೆ ಒಪ್ಪಲಾರೆ. ಮೊದಲನೆಯದು ಎಸ್‌ಎಂಆರ್ ಎಂಬ ಬರೆಯುವ ವಿಧಾನ. ಇದರಲ್ಲಿ ದತ್ತಾಂಶದ ಪಥಗಳು ಮನೆಯ ಹೆಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಕೂರುತ್ತವೆ. ನಡುವಿನ ಒಂದನ್ನು ತಿದ್ದಬೇಕಾದರೆ ಪಕ್ಕದ ಹಲವನ್ನು ಮತ್ತೆ ಬರೆಯಬೇಕಾಗುತ್ತದೆ. ಸಾಮಾನ್ಯ ಬಳಕೆಯಲ್ಲಿ ಇದು ಗೊತ್ತಾಗುವುದಿಲ್ಲ, ಆದರೆ ಗಂಟೆಗಟ್ಟಲೆ ಎಡೆಬಿಡದೆ ಬರೆಯಬೇಕಾದ ರೇಡ್ ಮರುನಿರ್ಮಾಣದಲ್ಲಿ ಡಿಸ್ಕ್ ಉಸಿರುಗಟ್ಟಿ ನಿಧಾನವಾಗುತ್ತದೆ, ಕೆಲವೊಮ್ಮೆ ಉತ್ತರಿಸಲು ತಡಮಾಡಿ ಜೋಡಣೆಯಿಂದಲೇ ಹೊರಬೀಳುತ್ತದೆ. ಡೆಸ್ಕ್‌ಟಾಪ್ ಶ್ರೇಣಿಯ 4 ಟಿಬಿ ಡಿಸ್ಕ್‌ಗಳಲ್ಲಿ ಇದು ಸಾಮಾನ್ಯ. ಸೀಗೇಟ್ ಬರಾಕುಡಾ 4 ಟಿಬಿ ಒಂದು ಉದಾಹರಣೆ. ನ್ಯಾಸ್ ಎಂಬ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಶ್ರೇಣಿಯ 2ರಿಂದ 6 ಟಿಬಿಯವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಆಗಿದ್ದವು ಎಂಬುದು 2020ರ ಏಪ್ರಿಲ್‌ನಲ್ಲಿ ಬಯಲಾಯಿತು. ಆಮೇಲೆ ಕಂಪನಿಯು, ಪಥಗಳು ಒಂದರ ಮೇಲೊಂದು ಕೂರದ ಸಿಎಂಆರ್ ವಿಧಾನದವುಗಳಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು. ಆದ್ದರಿಂದ ನೀವು ಕೇಳಬೇಕಾದದ್ದು ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್. ಬಿಲ್ಲಿನಲ್ಲಿ ಮಾದರಿ ಸಂಖ್ಯೆ ಬರೆಸಿಕೊಂಡು ತಯಾರಕರ ಪಟ್ಟಿಯಲ್ಲಿ ಸಿಎಂಆರ್ ಎಂದಿರುವುದನ್ನು ನೀವೇ ನೋಡಿ ಖಚಿತಪಡಿಸಿಕೊಳ್ಳಿ. ಬ್ಯಾಕಪ್‌ಗೆ ಕೊಳ್ಳುವ ಪೋರ್ಟಬಲ್ ಡಿಸ್ಕ್‌ಗಳು ಹೆಚ್ಚಾಗಿ ಎಸ್‌ಎಂಆರ್ ಆಗಿರುತ್ತವೆ, ಅಲ್ಲಿ ಅದರಿಂದ ಅಡ್ಡಿಯಿಲ್ಲ.

ಎರಡನೆಯ ಕಾರಣ, ಓದಲಾಗದ ಭಾಗ ಎದುರಾದಾಗ ಡಿಸ್ಕ್ ನಡೆದುಕೊಳ್ಳುವ ರೀತಿ. ಡೆಸ್ಕ್‌ಟಾಪ್ ಡಿಸ್ಕ್ ತನ್ನ ಬಳಿಯೇ ಏಕೈಕ ಪ್ರತಿ ಇದೆ ಎಂದು ಭಾವಿಸಿ ಒಂದೆರಡು ನಿಮಿಷದವರೆಗೂ ಅದೇ ಭಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಅಷ್ಟರಲ್ಲಿ ರೇಡ್ ತಾಳ್ಮೆ ಕಳೆದುಕೊಂಡು ಇಡೀ ಡಿಸ್ಕನ್ನೇ ಸತ್ತದ್ದೆಂದು ಪರಿಗಣಿಸಬಹುದು. ನ್ಯಾಸ್ ಡಿಸ್ಕ್ ಸುಮಾರು 7 ಸೆಕೆಂಡಿನಲ್ಲಿ ಸೋಲೊಪ್ಪಿಕೊಳ್ಳುತ್ತದೆ, ಆ ತುಣುಕನ್ನು ರೇಡ್ ಇನ್ನೊಂದು ಡಿಸ್ಕಿನಿಂದ ತಂದು ಸರಿಪಡಿಸುತ್ತದೆ. ಸಿಸಿಟಿವಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕ್ಯಾಮೆರಾ ಡಿಸ್ಕ್‌ಗಳನ್ನು, ಅಂದರೆ ಪರ್ಪಲ್ ಅಥವಾ ಸ್ಕೈಹಾಕ್ ಶ್ರೇಣಿಯವನ್ನು, ಯಾರಾದರೂ ಸೂಚಿಸಿದರೆ ಬೇಡವೆನ್ನಿ. ಅವು ಕೆಟ್ಟವೆಂದಲ್ಲ, ಎಡೆಬಿಡದ ವಿಡಿಯೊ ಹರಿವಿಗೆಂದು ಹೊಂದಿಸಿದಂಥವು, ನಿಮ್ಮ ಕೆಲಸ ಆ ಬಗೆಯದಲ್ಲ.

ಎರಡು ಡಿಸ್ಕ್‌ಗಳನ್ನು ಸಾಧ್ಯವಾದರೆ ಬೇರೆ ಬೇರೆ ಅಂಗಡಿಯಿಂದ, ಇಲ್ಲವೇ ಒಂದನ್ನು ಸೀಗೇಟ್, ಇನ್ನೊಂದನ್ನು ವೆಸ್ಟರ್ನ್ ಡಿಜಿಟಲ್ ಎಂದು ಕೊಂಡರೆ ಒಂದೇ ಬ್ಯಾಚಿನ ಅಪಾಯ ತಪ್ಪುತ್ತದೆ. ಮನೆಗೆ ತಂದ ಕೂಡಲೇ ಸೀರಿಯಲ್ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ಭಾರತದ ವಾರಂಟಿ ಇದೆಯೇ ನೋಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯಲ್ಲಿ ಅದು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಇರುತ್ತದೆ. ಹೊಸದೆಂದು ಕೊಟ್ಟದ್ದು ಸಾವಿರಾರು ಗಂಟೆ ತೋರಿಸಿದರೆ ಹಿಂತಿರುಗಿಸಿ. ಸೊನ್ನೆಯ ಹತ್ತಿರವಿದ್ದರೆ ಹೊಸದೆಂಬುದಕ್ಕೆ ಅದೊಂದೇ ಸಾಕ್ಷಿಯೂ ಅಲ್ಲ, ಆ ಲೆಕ್ಕವನ್ನು ಅಳಿಸುವವರೂ ಇದ್ದಾರೆ. ಹಾಗಾಗಿ ಮಾಹಿತಿ ತುಂಬುವ ಮೊದಲು ಎರಡಕ್ಕೂ ಸ್ಮಾರ್ಟ್‌ನ ದೀರ್ಘ ಪರೀಕ್ಷೆ ಓಡಿಸಿ.

ಇನ್ವರ್ಟರ್ ಇದ್ದ ಮೇಲೆ ಯುಪಿಎಸ್ ಏಕೆ ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಸಹಜ. ಇನ್ವರ್ಟರ್ ಕರೆಂಟ್ ಕೊಡುತ್ತದೆ, ಆದರೆ ತನ್ನ ಬ್ಯಾಟರಿ ಮುಗಿಯುತ್ತಿದೆ ಎಂದು ನ್ಯಾಸ್‌ಗೆ ತಿಳಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಫ್ಯಾನುಗಳೆಲ್ಲ ಬ್ಯಾಟರಿಯನ್ನು ಹೀರಿ ಮುಗಿಸಿದಾಗ ಪೆಟ್ಟಿಗೆ ಬರೆಯುತ್ತಿರುವ ನಡುವೆಯೇ ಸಾಯುತ್ತದೆ. ರೇಡ್ 5 ಮತ್ತು 6ರಲ್ಲಿ ಆ ಕ್ಷಣ ದತ್ತಾಂಶ ಬರೆದು ಪ್ಯಾರಿಟಿ ಬರೆಯದೆ ಉಳಿದರೆ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ, ಮುಂದೆ ಡಿಸ್ಕ್ ಸತ್ತಾಗ ತಪ್ಪು ಲೆಕ್ಕದಿಂದ ತಪ್ಪು ಮಾಹಿತಿ ಹುಟ್ಟಬಹುದು. ಮಿರರ್‌ಗೆ ಪ್ಯಾರಿಟಿ ಇಲ್ಲದ ಕಾರಣ ಈ ಬಗೆಯ ಕಾಟ ಕಡಿಮೆ, ಆದರೂ ಕಡತವ್ಯವಸ್ಥೆಗೆ ಪೆಟ್ಟು ಬೀಳಬಹುದು. ಯುಎಸ್‌ಬಿ ಮೂಲಕ ಮಾತನಾಡುವ 600 ವಿಎ ಯುಪಿಎಸ್ ಸಾಕು. ಕರೆಂಟ್ ಹೋಗಿ 5 ನಿಮಿಷವಾದರೆ ತಾನಾಗಿ ಕ್ರಮಬದ್ಧವಾಗಿ ಮುಚ್ಚಿಕೊಳ್ಳುವಂತೆ ನ್ಯಾಸ್‌ನಲ್ಲಿ ಹೊಂದಿಸಿ. ಅಗ್ಗದ ಹಲವು ಯುಪಿಎಸ್‌ಗಳಲ್ಲಿ ಆ ಯುಎಸ್‌ಬಿ ಕಿಂಡಿಯೇ ಇರುವುದಿಲ್ಲ, ಇದ್ದರೂ ನಿಮ್ಮ ನ್ಯಾಸ್‌ನ ಬೆಂಬಲಪಟ್ಟಿಯಲ್ಲಿ ಇರುವುದಿಲ್ಲ. ಕೊಳ್ಳುವ ಮೊದಲು ಪಟ್ಟಿ ನೋಡಿ. ನಿಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಅದರ ಕರೆಂಟನ್ನು ಯುಪಿಎಸ್ ಒಪ್ಪದೆ ತನ್ನ ಬ್ಯಾಟರಿಗೇ ಮತ್ತೆ ಮತ್ತೆ ಹಾರುತ್ತದೆ. ಅಂಥ ಸಂದರ್ಭದಲ್ಲಿ ಯುಪಿಎಸ್ಸನ್ನು ಇನ್ವರ್ಟರ್ ಸಾಲಿಗೆ ಸೇರದ ಪ್ಲಗ್ಗಿಗೆ ಹಾಕಿಸಿ, ಕರೆಂಟ್ ಹೋದಾಗ ನ್ಯಾಸ್ ಮುಚ್ಚಿಕೊಳ್ಳಲಿ ಬಿಡಿ. ಏಪ್ರಿಲ್ ಮೇ ತಿಂಗಳ ಅಡ್ಡಮಳೆಯ ಸಿಡಿಲಿಗೆ ಒಳ್ಳೆಯ ಅರ್ಥಿಂಗ್ ಬೇಕು. ಎರಡೂ ಡಿಸ್ಕ್‌ಗಳು ಒಂದೇ ಪವರ್ ಅಡಾಪ್ಟರಿನಿಂದ ಕರೆಂಟ್ ಪಡೆಯುವುದರಿಂದ ಅಲ್ಲಿ ರೇಡ್‌ನಿಂದ ಏನೂ ಪ್ರಯೋಜನವಿಲ್ಲ. ಅದೇ ತಿಂಗಳುಗಳ ಸೆಕೆಯಲ್ಲಿ ಪೆಟ್ಟಿಗೆಯನ್ನು ಮುಚ್ಚಿದ ಬೀರುವಿನೊಳಗೆ ಇಡಬೇಡಿ. ಡಿಸ್ಕಿನ ಶಾಖ 45 ಡಿಗ್ರಿ ದಾಟಿದರೆ ಎಚ್ಚರಿಸುವಂತೆ ಹೊಂದಿಸಿ, ಫ್ಯಾನಿನ ಜಾಲರಿಯ ಧೂಳನ್ನು ಆಗಾಗ ಒರೆಸಿ.

ಜೋಡಣೆ ಮುಗಿದ ಮೇಲೆ, ಒಂದೂ ಕಡತ ಹಾಕುವ ಮೊದಲು, ಒಂದು ಪ್ರಯೋಗ ಮಾಡಿ. ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಅದರ ಟ್ರೇ ಮೇಲೆ ಅಂಟಿಸಿ. ಮುಂದೊಂದು ದಿನ ಸತ್ತ ಡಿಸ್ಕಿಗೆ ಬದಲು ಬದುಕಿರುವುದನ್ನು ಎಳೆಯುವ ಅನಾಹುತ ಅದರಿಂದ ತಪ್ಪುತ್ತದೆ. ಆಮೇಲೆ ಪೆಟ್ಟಿಗೆ ಓಡುತ್ತಿರುವಾಗಲೇ ಖಾನೆ ತೆರೆದು ಬದಲಿಸಲು ನಿಮ್ಮ ಮಾದರಿಯಲ್ಲಿ ಅವಕಾಶವಿದ್ದರೆ ಒಂದು ಡಿಸ್ಕನ್ನು ಹೊರಗೆಳೆಯಿರಿ. ಪೀಪಿ ಸದ್ದು ಬಂತೇ, ನಿಮ್ಮ ಇಮೇಲಿಗೆ ಅಥವಾ ಮೊಬೈಲಿಗೆ ಎಚ್ಚರಿಕೆ ಬಂತೇ, ಮತ್ತೆ ಹಾಕಿದಾಗ ಮರುನಿರ್ಮಾಣ ಹೇಗೆ ಆರಂಭವಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ ಬರೆದಿಡಿ. ಸಣ್ಣ ಕಚೇರಿಗಳಲ್ಲಿ ರೇಡ್ ಕೈಕೊಟ್ಟ ಪ್ರಸಂಗಗಳನ್ನು ವಿಚಾರಿಸಿದರೆ, ಒಂದು ಡಿಸ್ಕ್ ಎಂದೋ ಸತ್ತಿದ್ದು, ಪೆಟ್ಟಿಗೆ ಮೂಲೆಯಲ್ಲಿ ಕಿರುಚುತ್ತಿದ್ದುದನ್ನು ಯಾರೂ ಲೆಕ್ಕಿಸದೆ, ಎರಡನೆಯದು ಸತ್ತ ಮೇಲಷ್ಟೇ ಎಚ್ಚೆತ್ತದ್ದು ಮತ್ತೆ ಮತ್ತೆ ಕಾಣುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಡಿಸ್ಕ್‌ಗಳನ್ನು ಪೂರ್ತಿ ಓದಿ ತಾಳೆ ನೋಡುವ ಕೆಲಸ, ನಡೆಯುವಂತೆ ವೇಳಾಪಟ್ಟಿ ಹಾಕಿ. ನಾನು ಮೇಲೆ ಹೇಳಿದ, ಸದ್ದಿಲ್ಲದೆ ಕೆಟ್ಟ ಭಾಗಗಳನ್ನು ಎರಡೂ ಡಿಸ್ಕ್ ಬದುಕಿರುವಾಗಲೇ ಹುಡುಕಿ ಸರಿಪಡಿಸುವ ಉಪಾಯ ಅದೊಂದೇ. ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಭಾಗಗಳನ್ನು ಎಣಿಸುವ 5, 197 ಮತ್ತು 198ನೇ ಸಾಲುಗಳ ಕಚ್ಚಾ ಸಂಖ್ಯೆ ಸೊನ್ನೆಯಿಂದ ಮೇಲೇರುತ್ತಿದ್ದರೆ ಡಿಸ್ಕ್ ಬದಲಿಸಲು ಕಾಯಬೇಡಿ. ಆದರೆ ಅವು ಸೊನ್ನೆಯಲ್ಲಿವೆ ಎಂದು ನಿಶ್ಚಿಂತರಾಗಲೂ ಬೇಡಿ: ಗೂಗಲ್ 2007ರಲ್ಲಿ ಪ್ರಕಟಿಸಿದ, ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನದಲ್ಲಿ, ಹಾಳಾದ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಪ್ರಬಲ ಸೂಚನೆಗಳಲ್ಲಿ ಯಾವೊಂದನ್ನೂ ಕೊಟ್ಟಿರಲಿಲ್ಲ.

ಹಳೆಯ ಎಕ್ಸ್‌ಟರ್ನಲ್ ಡಿಸ್ಕ್‌ಗಳಿಂದ ಮಾಹಿತಿಯನ್ನು ಕತ್ತರಿಸಿ ಹಾಕದೆ ನಕಲು ಮಾಡಿ. ನ್ಯಾಸ್‌ಗೆ ಬಂದು, ಎರಡೂ ಬ್ಯಾಕಪ್ ಡಿಸ್ಕ್‌ಗಳಿಗೆ ಹೋಗಿ, ಅಲ್ಲಿಂದ ಒಂದು ದೊಡ್ಡ ಪುಸ್ತಕದ ಫೋಲ್ಡರನ್ನೂ ಒಂದು ಟ್ಯಾಲಿ ಕಂಪನಿಯನ್ನೂ ಮರಳಿ ತಂದು ತೆರೆದು ನೋಡುವವರೆಗೆ ಹಳೆಯವನ್ನು ಫಾರ್ಮ್ಯಾಟ್ ಮಾಡಬೇಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಈಗಲೇ ತೀರ್ಮಾನಿಸಬೇಕಾದ ವಿಷಯ ಎನ್‌ಕ್ರಿಪ್ಶನ್, ಅಂದರೆ ಪಾಸ್‌ವರ್ಡ್ ಇಲ್ಲದವರು ಓದಲಾಗದಂತೆ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದು. ವಾರಂಟಿ ಅವಧಿಯಲ್ಲಿ ಮಿರರ್‌ನ ಒಂದು ಡಿಸ್ಕ್ ಕೆಟ್ಟರೆ ಅದನ್ನು ಸೇವಾ ಕೇಂದ್ರಕ್ಕೆ ಒಪ್ಪಿಸಬೇಕಾಗುತ್ತದೆ, ಅದು ಮರಳಿ ಬರುವುದಿಲ್ಲ, ಬದಲಿ ಬರುತ್ತದೆ. ಕೆಟ್ಟ ಡಿಸ್ಕನ್ನು ಒಪ್ಪಿಸುವ ಮೊದಲು ಅಳಿಸಲು ಆಗುವುದಿಲ್ಲ, ಅದರಲ್ಲಿ ನಿಮ್ಮ ಪತ್ನಿಯವರನ್ನು ನಂಬಿದ ಅಂಗಡಿಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್‌ಗಳು ಇರುತ್ತವೆ. ಬೀಗರ ಮನೆಗೆ ಬಸ್ಸಿನಲ್ಲಿ ಒಯ್ಯುವ ಪೋರ್ಟಬಲ್ ಡಿಸ್ಕಿಗೂ ಇದೇ ಮಾತು ಅನ್ವಯಿಸುತ್ತದೆ. ಕನಿಷ್ಠ ಲೆಕ್ಕಪತ್ರದ ಫೋಲ್ಡರನ್ನೂ ಎರಡು ಬ್ಯಾಕಪ್ ಡಿಸ್ಕ್‌ಗಳನ್ನೂ ಆರಂಭದಲ್ಲಿಯೇ ಎನ್‌ಕ್ರಿಪ್ಟ್ ಮಾಡಿಕೊಳ್ಳಿ, ಮಾಹಿತಿ ತುಂಬಿದ ಮೇಲೆ ಅದನ್ನು ಮಾಡುವುದು ಇಡೀ ಕೆಲಸವನ್ನು ಮತ್ತೊಮ್ಮೆ ಮಾಡಿದಂತೆ. ಪಾಸ್‌ವರ್ಡನ್ನು ನ್ಯಾಸ್‌ನೊಳಗಿನ ಕಡತದಲ್ಲಿ ಬರೆದಿಡದೆ ಕಾಗದದ ಮೇಲೆ ಎರಡು ಪ್ರತಿ ಬರೆದು, ಒಂದನ್ನು ಮನೆಯ ಪತ್ರಗಳ ಜೊತೆಗೂ ಇನ್ನೊಂದನ್ನು ಬ್ಯಾಂಕಿನ ಲಾಕರಿನಲ್ಲಿಯೂ ಇಡಿ. ನಿಮ್ಮಿಬ್ಬರಿಗೂ ಅದು ಎಲ್ಲಿದೆ ಎಂಬುದು ತಿಳಿದಿರಲಿ, ಏಕೆಂದರೆ ಆ ಪಾಸ್‌ವರ್ಡ್ ಕಳೆದರೆ ತಯಾರಕರೂ ಸೇರಿ ಯಾರಿಂದಲೂ ಆ ಮಾಹಿತಿಯನ್ನು ತೆರೆಯಲಾಗುವುದಿಲ್ಲ.